ಬೆಂಗಳೂರು ಬಿಟ್ಟು ಬಾಗಲಕೋಟಿಗೆ ಬಂದು ಇರಬಹುದಾ? ಇದ್ದವರು ಹೇಳ್ರಿ

ಹಳೆ ಊರಿನ ಮಗಳು (ಸೋಮವಾರ, ರಾತ್ರಿ 10.40)

ಎಲ್ಲಾರಿಗೂ ನಮಸ್ಕಾರ್ರಿ. ನಾನು ಹುಟ್ಟಿ ಬೆಳದದ್ದು ಹಳೆ ಬಾಗಲಕೋಟಿಯೊಳಗ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದು ಹದಿಮೂರು ವರ್ಷ ಆತು. ನಮ್ಮ ಮನಿಯವರು ತುಮಕೂರು ಕಡೆಯವರು, ಜಿಎಸ್‌ಟಿ ಮತ್ತ ಆಡಿಟ್ ಕೆಲಸ ಮಾಡ್ತಾರ. ಮಗಳು ಎರಡನೇತ್ತಾ.

ಹ್ವಾದ ವರ್ಷ ಅಪ್ಪಾ ತೀರಿಕೊಂಡ್ರು. ಅವ್ವನ್ನ ಬೆಂಗಳೂರಿಗೆ ಕರಕೊಂಡು ಬಂದೆ. ನಲವತ್ತು ದಿನ ಇದ್ಲು. ನಾಲ್ಕನೇ ಮಜಲಿನ ಮನಿ, ಬಾಲ್ಕನಿಯೊಳಗ ಖುರ್ಚಿ ಹಾಕ್ಕೊಂಡು ಕುಂತು ಕೆಳಗ ನೋಡ್ತಿದ್ಲು. ಒಂದಿನ ಸಂಜೀಮುಂದ "ಇಲ್ಲಿ ಯಾರೂ ಊಟ ಆತೇನ ಅಂತ ಕೇಳೂದಿಲ್ಲಲ್ಲವಾ" ಅಂದ್ಲು. ಮರುದಿನ ರಾತ್ರಿ ಬಸ್ಸಿಗೆ ಹತ್ತಿಸಿ ಬಂದೆ. ಈಗ ಊರಾಗ ಒಬ್ಬಾಕಿನ ಇದ್ದಾಳ, ಬಿಪಿ ಐತಿ, ಮೊಣಕಾಲು ನೋವೈತಿ.

ನನ್ನ ಆಫೀಸಿನವರು ಮನಿಯಿಂದನ ಕೆಲಸ ಮಾಡು, ಮೂರು ತಿಂಗಳಿಗೊಮ್ಮೆ ಮುಖ ತೋರಿಸಿದ್ರ ಸಾಕು ಅಂದಾರ. ಹಂಗಾಗಿ ಊರಿಗೆ ಬಂದುಬಿಡೋಣ ಅಂತ ಮನಸ್ಸು ಎಳೀಲಿಕತ್ತೈತಿ. ಆದರ ನಾನು ಹದಿಮೂರು ವರ್ಷ ಹಬ್ಬಕ್ಕ ಬಂದು ಹೋದಾಕಿ. ಹಬ್ಬದ ಊರು ಬ್ಯಾರೆ, ದಿನಾ ಇರೋ ಊರು ಬ್ಯಾರೆ. ದವಾಖಾನಿ, ಸಾಲಿ, ನಮ್ಮ ಮನಿಯವರ ಕೆಲಸ, ಇವೆಲ್ಲಾ ಹೆಂಗ? ಇನ್ನೊಂದು, ಅಳಿಯ ಅತ್ತಿ ಊರಾಗ ಬಂದು ಉಳದ್ರ ಮಂದಿ ಸುಮ್ಮನ ಇರ್ತಾರೇನು? ಮನಸ್ಸಿನಾಗ ಇದ್ದದ್ದು ಇದ್ದಂಗ ಹೇಳ್ರಿ.

ನವನಗರದವ (ಸೋಮವಾರ, ರಾತ್ರಿ 11.25)

ಅಕ್ಕಾರ, ನಾನು 2020ರಾಗ ಪುಣೆ ಬಿಟ್ಟು ಬಂದವ. ಆರು ತಿಂಗಳು ಇದ್ದು ಹೋಗೋಣ ಅಂತ ಬಂದವ ಇಲ್ಲೇ ಉಳದೆ. ಗೊತ್ತಿದ್ದಷ್ಟು ಹೇಳ್ತೀನಿ.

ಇಂಟರ್ನೆಟ್ ಬಗ್ಗೆ ಚಿಂತಿ ಬ್ಯಾಡ, ಫೈಬರ್ ಐತಿ. ಮಳಿಗಾಲದ ಮೊದಲ ಗಾಳಿ ಬೀಸೂವಾಗ ಕರೆಂಟ್ ಹೊಕ್ಕೈತಿ, ಒಂದು ಇನ್ವರ್ಟರ್ ಹಾಕಸ್ರಿ. ಏಪ್ರಿಲ್ ಮೇ ಒಳಗ ನಲವತ್ತು ಡಿಗ್ರಿ ದಾಟತೈತಿ, ಬೆಂಗಳೂರಿನಾಗ ಬೆಳದ ಕೂಸಿಗೆ ಮೊದಲ ವರ್ಷ ತ್ರಾಸ ಆಗೂದ. ಬಾಡಿಗಿ, ಕಾಯಿಪಲ್ಯ, ಹಾಲು, ಇವೆಲ್ಲಾ ಬೆಂಗಳೂರಿನ ಮುಂದ ಹಗುರ.

ಆದರ ಒಂದು ಮಾತು ಯಾರೂ ಹೇಳೂದಿಲ್ಲ, ನಾ ಹೇಳ್ತೀನಿ. ಸಣ್ಣ ಊರಾಗ ಟೈಮ್ ಉಳೀತೈತಿ ಅಂತ ಎಲ್ಲಾರೂ ಅಂತಾರ. ಅದು ಅರ್ಧಾ ಖರೇ. ಪುಣೆಯೊಳಗ ದಿನಕ್ಕ ಎರಡೂವರಿ ತಾಸು ರಸ್ತೆ ಮ್ಯಾಲೆ ಕಳೀತಿದ್ದೆ. ಇಲ್ಲಿ ಆ ಎರಡೂವರಿ ತಾಸು ನನ್ನ ಕೈಯಾಗ ಉಳೀಲಿಲ್ಲ. ಮದವಿ, ಸೀಮಂತ, ಗೃಹಪ್ರವೇಶ, ಮಣ್ಣು, ಮೂರನೇ ದಿನದ್ದು, ಬೀಗರ ದವಾಖಾನಿ, ಬ್ಯಾಂಕಿನಾಗ ಫಾರ್ಮ್ ತುಂಬಾಕ ಬಾರದ ಕಾಕಾ. ಎಲ್ಲಾದಕ್ಕೂ ಖುದ್ದ ಹೋಗಬೇಕು. ವಾಟ್ಸಾಪಿನಾಗ ಹೂವಿನ ಚಿತ್ರ ಕಳಿಸಿದ್ರ ನಡ್ಯೂದಿಲ್ಲ. ಲಗ್ನಪತ್ರಿಕಿ ಹಿಡಕೊಂಡು ಮನಿಗೆ ಬಂದವರ ಮದವಿಗೆ ಹೋಗಲಿಲ್ಲಂದ್ರ ಹತ್ತು ವರ್ಷ ನೆನಪಿಡ್ತಾರ. ಅದರ ಬದಲಿಗೆ ನಿಮ್ಮ ಮನಿಯಾಗ ಏನರ ಆದಾಗ ಅಷ್ಟೂ ಮಂದಿ ನಿಂತಿರ್ತಾರ. ನನಗ ಈ ಲೆಕ್ಕ ಒಪ್ಪಿಗಿ ಆತು. ನಿಮಗ ಆಕ್ಕೈತೋ ಇಲ್ಲೋ ನೋಡ್ಕೋರಿ.

ಖಣದ ಅಂಚು (ಮಂಗಳವಾರ, ಬೆಳಿಗ್ಗೆ 7.10)

ಬರಬ್ಯಾಡ್ರಿ ಅಕ್ಕಾ. ನಿಮ್ಮ ಸಲುವಾಗಿ ಅಲ್ಲ, ನಿಮ್ಮ ಮಗಳ ಸಲುವಾಗಿ ಹೇಳ್ತೀನಿ.

ನಾನು ಗುಳೇದಗುಡ್ಡದಾಕಿ, ಕಾಲೇಜು ಬಾಗಲಕೋಟಿಯೊಳಗ. ಈಗ ಬೆಂಗಳೂರಿನಾಗ ಪಿಜಿಯೊಳಗ ಇದ್ದು ಪರೀಕ್ಷಾಕ್ಕ ಓದ್ಲಿಕತ್ತೀನಿ. ಕಾಲೇಜಿನ ಮೂರು ವರ್ಷ ನನಗ ಹೆಸರ ಇರಲಿಲ್ಲ. ಬಸ್‌ಸ್ಟ್ಯಾಂಡಿನಾಗ, ಝೆರಾಕ್ಸ್ ಅಂಗಡಿಯಾಗ, ಎಲ್ಲಿ ನಿಂತ್ರೂ "ಯಾರ ಮಗಳವಾ ನೀ?" ಒಮ್ಮೆ ಕ್ಲಾಸಿನ ಹುಡುಗನ ಜೋಡಿ ನೋಟ್ಸ್ ಸಲುವಾಗಿ ಹತ್ತು ನಿಮಿಷ ಮಾತಾಡಿದ್ದೆ. ನಾ ಊರು ಮುಟ್ಟೂದ್ರೊಳಗ ಅಪ್ಪನಿಗೆ ಫೋನ್ ಹೋಗಿತ್ತು. ಅಪ್ಪಾ ಬೈಯಲಿಲ್ಲ, ಎರಡು ದಿನ ಮಾತಾಡಲಿಲ್ಲ. ಆ ಎರಡು ದಿನ ನಾ ಇನ್ನೂ ಮರತಿಲ್ಲ.

ಇಲ್ಲಿ ನನಗ ಯಾರೂ ಊಟ ಆತೇನ ಅಂತ ಕೇಳೂದಿಲ್ಲ, ಹೌದು. ರಾತ್ರಿ ಒಂಬತ್ತಕ್ಕ ಲೈಬ್ರರಿಯಿಂದ ಒಬ್ಬಾಕಿನ ನಡಕೊಂತ ಬರ್ತೀನಿ. ಅದನ್ನೂ ಯಾರೂ ಕೇಳೂದಿಲ್ಲ. ಸಣ್ಣ ಊರಿನ ಬಗ್ಗೆ ಚಲೋ ಮಾತಾಡೋರು ಬಹಳ ಮಾಡಿ ಗಂಡಸರು ಇಲ್ಲಾ ವಯಸ್ಸಾದ ಹೆಣ್ಮಕ್ಕಳು. ಇಪ್ಪತ್ತೆರಡರ ಹುಡುಗೀನ ಕೇಳಿ ನೋಡ್ರಿ.

ಬಿಳಿ ಸಮವಸ್ತ್ರ (ಮಂಗಳವಾರ, ಮಧ್ಯಾಹ್ನ 2.30)

ನಾನು ಇಲ್ಲಿ ಹದಿನೆಂಟು ವರ್ಷದಿಂದ ನರ್ಸ್. ದವಾಖಾನೆಯ ವಿಷಯ ಮಾತ್ರ ಹೇಳುತ್ತೇನೆ.

ಬಿಪಿ, ಸಕ್ಕರೆ, ಹೆರಿಗೆ, ಮೂಳೆ ಮುರಿತ, ಸಾಮಾನ್ಯ ಶಸ್ತ್ರಚಿಕಿತ್ಸೆ ಇವಕ್ಕೆಲ್ಲ ಊರು ಬಿಟ್ಟು ಹೋಗಬೇಕಿಲ್ಲ. ಬಿ.ವಿ.ವಿ. ಸಂಘದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ನವನಗರದಲ್ಲಿ ಜಿಲ್ಲಾಸ್ಪತ್ರೆ ಇದೆ, ಖಾಸಗಿ ನರ್ಸಿಂಗ್ ಹೋಮ್‌ಗಳಿಗೆ ಲೆಕ್ಕವಿಲ್ಲ. ಬೆಂಗಳೂರಿನಲ್ಲಿ ಹದಿನೈದು ದಿನ ಕಾದು ಸಿಗುವ ತಜ್ಞರು ಇಲ್ಲಿ ಸಂಜೆಗೇ ಸಿಗುತ್ತಾರೆ.

ಕಷ್ಟ ಬರುವುದು ರಾತ್ರಿ ಹೊತ್ತು, ದೊಡ್ಡ ಕಾಯಿಲೆಗೆ. ನಮ್ಮ ಮಾವನವರಿಗೆ ರಾತ್ರಿ ಒಂದೂವರೆಗೆ ಬಾಯಿ ಸೊಟ್ಟಗಾಗಿ ಬಲಗೈ ಬಿದ್ದುಹೋಯಿತು. ನಾನೇ ನರ್ಸ್ ಆಗಿದ್ದರಿಂದ ಪಾರ್ಶ್ವವಾಯು ಅಂತ ಕೂಡಲೇ ಗೊತ್ತಾಯಿತು. ರಕ್ತ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಮೊದಲು ಹೋದ ನರ್ಸಿಂಗ್ ಹೋಮಿನಲ್ಲಿ ಆ ಹೊತ್ತಿಗೆ ಸ್ಕ್ಯಾನ್ ಮಾಡುವವರು ಇರಲಿಲ್ಲ, "ಬೆಳಿಗ್ಗೆ ನೋಡೋಣ" ಅಂದರು. ನಾನು ಅಲ್ಲಿ ನಿಲ್ಲಲಿಲ್ಲ. ಇನ್ನೊಂದು ಕಡೆ ಸ್ಕ್ಯಾನ್ ಆಗಿ ಸೂಜಿ ಬೀಳುವಾಗ, ಕೈ ಬಿದ್ದು ನಾಲ್ಕು ಗಂಟೆ ದಾಟಿತ್ತು. ಈಗ ಕೋಲು ಹಿಡಿದು ನಡೆಯುತ್ತಾರೆ, ಮಾತು ಮಾತ್ರ ತೊದಲು.

ಆದ್ದರಿಂದ ಬರುವ ಮೊದಲೇ ಒಂದು ಕೆಲಸ ಮಾಡಿ. ರಾತ್ರಿ ಸ್ಕ್ಯಾನ್ ಎಲ್ಲಿ ನಡೆಯುತ್ತದೆ, ಹೃದಯಕ್ಕೆ ಯಾರು, ಮಿದುಳಿಗೆ ಯಾರು ಅಂತ ಹಗಲಿನಲ್ಲೇ ಹೋಗಿ ಕೇಳಿ ಬರೆದಿಟ್ಟುಕೊಳ್ಳಿ. ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಬೇಕಾದರೆ ನಂಬಿಕಸ್ತ ಗಾಡಿಯವರೊಬ್ಬರ ನಂಬರ್ ಇರಲಿ. ತಾಯಿಯವರ ಮಾತ್ರೆ ಚೀಟಿಯ ಫೋಟೊ ನಿಮ್ಮ ಫೋನಿನಲ್ಲಿರಲಿ, ಪಕ್ಕದ ಮನೆಯವರ ಫೋನಿನಲ್ಲೂ ಇರಲಿ. ನೀವು ಬಂದರೂ ಬಾರದಿದ್ದರೂ ಇದನ್ನು ಈ ವಾರವೇ ಮಾಡಿ.

ಅರಿವಿ ಅಂಗಡಿ (ಮಂಗಳವಾರ, ರಾತ್ರಿ 9.50)

ನಂದು ಹಳೆ ಊರಾಗ ಅರಿವಿ ಅಂಗಡಿ, ಅಪ್ಪನ ಕಾಲದ್ದು. ಅಂಗಡಿ ಮುಚ್ಚಿ ಬಂದು ಕುಂತು ಬರೀಲಿಕತ್ತೀನಿ, ಉದ್ದ ಆಕ್ಕೈತಿ, ತಾಳ್ಮಿ ಇರಲಿ.

ಎಲ್ಲಾರೂ ಸಣ್ಣ ಊರು ಸಣ್ಣ ಊರು ಅಂದ್ರಿ. ತಂಗಿ, ನೀನು ಬರೋದು ಯಾವ ಬಾಗಲಕೋಟಿಗೆ ಅಂತ ಯಾರೂ ಕೇಳಲಿಲ್ಲ. ಈಗ ಮೂರು ಊರದಾವು. ಹಳೆ ಊರು, ನಡುವ ವಿದ್ಯಾಗಿರಿ, ಆಚೀಕಡೆ ನವನಗರ. ಒಂದ ಹೆಸರು, ಬದುಕು ಮೂರು ನಮೂನಿ.

1964ರಾಗ ಆಲಮಟ್ಟಿಯೊಳಗ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟಾಗ ನಮ್ಮಪ್ಪ ಸಣ್ಣ ಹುಡುಗ. ಕೃಷ್ಣಾ ನದಿಗೆ ಡ್ಯಾಮ್ ಕಟ್ಟಿದ್ರ ಘಟಪ್ರಭಾ ದಂಡಿ ಮ್ಯಾಲಿನ ಊರಿಗೆ ಯಾಕ ನೀರು ಬರತೈತಿ ಅಂತ ಆಗ ಬಹಳ ಮಂದಿಗೆ ತಿಳೀಲಿಲ್ಲಂತ. ಘಟಪ್ರಭಾ ಹೋಗಿ ಕೃಷ್ಣಾ ಕೂಡೂದು. ಕೆಳಗ ನೀರು ನಿಂತ್ರ ಮ್ಯಾಲಿನ ಹೊಳಿ ಹಿಂದ ಸರೀತೈತಿ. ಸರೀತು. ನಾನು ಆಡಿದ ಓಣಿ, ಈಜಾಡಿದ ಹೊಳಿ ದಂಡಿ ಕಣ್ಣ ಮುಂದ ನೀರಾಗ ಹ್ವಾದವು. ಮುಳಗೋ ಮನಿಗೆ ನಂಬರ್ ಬರದ್ರು, ಪರಿಹಾರ ಕೊಟ್ರು, ನವನಗರದಾಗ ಜಾಗಾ ಕೊಟ್ರು. ಚಂದಾಗಿ ಅಳದು ಕಟ್ಟಿದ ಊರು ಅದು, ರಸ್ತೆ ಅಗಲ, ಗಿಡ ಹಚ್ಚ್ಯಾರ, ನಾ ಇಲ್ಲ ಅನ್ನೂದಿಲ್ಲ. 1997ರಾಗ ಜಿಲ್ಲಾ ಆದ ಮ್ಯಾಲೆ ಡಿಸಿ ಆಫೀಸು, ಕೋರ್ಟು, ಎಲ್ಲಾ ಆ ಕಡೆ ಹ್ವಾದವು.

ಆದರ ಮನಿ ಎತ್ತಿ ಇಟ್ಟರು, ಓಣಿ ಎತ್ತಿ ಇಡಾಕ ಆಗಲಿಲ್ಲ. ನಮ್ಮ ಬಾಜೂಕ ಹತ್ತು ಮನಿ ಇದ್ದವು. ಒಬ್ಬಾಂವಗ ಒಂದು ಸೆಕ್ಟರಿನಾಗ ಜಾಗಾ, ಇನ್ನೊಬ್ಬಾಂವಗ ಮತ್ತೊಂದರಾಗ. ಮನಿ ಮುಂದಿನ ಕಟ್ಟಿ ಮ್ಯಾಲೆ ಕುಂತು ಐವತ್ತು ವರ್ಷ ಮಾತಾಡಿದ ಮುದುಕ್ಯಾರು ಇಬ್ಬರು, ಒಬ್ಬರಿಗೊಬ್ಬರು ಭೆಟ್ಟಿ ಆಗಬೇಕಂದ್ರ ಟಂಟಂ ಹಿಡೀಬೇಕಾತು. ಮೊದಲ ವಾರಕ್ಕೊಮ್ಮೆ ಹೊಂಟ್ರು, ಆಮ್ಯಾಲೆ ತಿಂಗಳಿಗೊಮ್ಮೆ. ಅದರಾಗ ಒಬ್ಬಾಕಿ ನಮ್ಮಜ್ಜಿ.

ಈಗ ಉಳದ ಹಳೆ ಊರಿನ ಸಂಗತಿ ಕೇಳ್ರಿ. ಡ್ಯಾಮಿನ ನೀರಿನ ಮಟ್ಟ ಈಗ 519.60 ಮೀಟರ್. ಅದನ್ನ 524.256ಕ್ಕ ಏರಸಾಕ ಕೃಷ್ಣಾ ನೀರು ಹಂಚೋ ನ್ಯಾಯಮಂಡಳಿ 2010ರಾಗ ಒಪ್ಪಿಗಿ ಕೊಟ್ಟೈತಿ. ಅಂದ್ರ ನಾಲ್ಕೂವರಿ ಮೀಟರ್ ಮ್ಯಾಲೆ. ಹಂಗಾದ್ರ ಹಳ್ಳಿಗಳ ಜೋಡಿ ಹಳೆ ಊರಿನ ಮತ್ತೊಂದಿಷ್ಟು ವಾರ್ಡ್ ನೀರಾಗ ಹೊಕ್ಕಾವು. ಆ ದಿನ ಯಾವಾಗ ಬರತೈತಿ ಅನ್ನೋ ಎಣಿಕಿಯೊಳಗ ಇಲ್ಲಿ ಯಾರೂ ಮನಿಗೆ ಕೈ ಹಚ್ಚೂದಿಲ್ಲ. ಗ್ವಾಡಿ ಬಿರಕ ಬಿಟ್ರ ಮಣ್ಣು ಮೆತ್ತಿ ಬಿಡ್ತಾರ. ಮ್ಯಾಳಗಿ ಸೋರಿದ್ರ ತಾಡಪಾಲ ಹೊಚ್ಚತಾರ. ಮಗನ ಮದವಿಗೆ ಮನಿಗೆ ಸುಣ್ಣ ಹಚ್ಚೂದ ಬ್ಯಾಡೋ ಅಂತ ವಿಚಾರ ಮಾಡೋ ಊರು ಇದು. ಗಿರಾಕಿ ಕಮ್ಮಿ ಆದ್ರು ಅಂತ ನಾ ಅಳೂದಿಲ್ಲ, ಆ ಅರ್ಧಾ ಮಾಡಿ ಬಿಟ್ಟ ಗ್ವಾಡಿ ನೋಡಿದ್ರ ಹೊಟ್ಟಿ ಉರೀತೈತಿ. ನೀರು ಬಿದ್ದ ಹೊಲಾ ಎಷ್ಟೋ ಮಂದಿಗೆ ಅನ್ನ ಕೊಟ್ಟೈತಿ, ಡ್ಯಾಮ್ ಬ್ಯಾಡಾಗಿತ್ತು ಅಂತ ನಾನು ಯಾವತ್ತೂ ಅಂದಾಂವ ಅಲ್ಲ. ಹೊಕ್ಕೈತಿ ಅಂದ್ರ ಹೊಕ್ಕೈತಿ, ಉಳೀತೈತಿ ಅಂದ್ರ ಉಳೀತೈತಿ, ಒಂದು ಹೇಳಬೇಕು. ಹೇಳದ ಇಡೂದು ತ್ರಾಸ.

ಮತ್ತ ಖಣದ ಅಂಚು ಅಂತ ಬರದ ಮಗಳ, ನೀ ಬರದದ್ದು ಎರಡು ಸರ್ತಿ ಓದಿದೆ. ನಾನೂ ಹಂಗ ಫೋನ್ ಮಾಡಿದಾಂವ. ನಿನ್ನ ಅಪ್ಪಗಲ್ಲ, ಬ್ಯಾರೆ ಒಬ್ಬ ಗೆಣೆಯಾಗ, ಅವನ ಮಗಳ ಬಗ್ಗೆ. ಒಳ್ಳೇದಕ್ಕ ಮಾಡೀನಿ ಅನಕೊಂಡಿದ್ದೆ. ಆ ಹುಡುಗಿ ಮನಿಯಾಗ ಎರಡು ದಿನ ಹೆಂಗ ಕಳದಳು ಅಂತ ನನಗ ಇವತ್ತಿನ ತನಕ ಹೊಳದಿರಲಿಲ್ಲ. ಇನ್ನ ಮ್ಯಾಲೆ ಅಂಥಾ ಫೋನ್ ನನ್ನ ಕೈಯಿಂದ ಹೋಗೂದಿಲ್ಲ.

ಖಣದ ಅಂಚು (ಮಂಗಳವಾರ, ರಾತ್ರಿ 11.05)

ಕಾಕಾ, ಏನು ಬರೀಬೇಕೋ ತಿಳೀವಲ್ದು. ಇಷ್ಟು ಯಾರೂ ಅಂದಿರಲಿಲ್ಲ ನನಗ.

ಸಾಲಿ ಟೀಚರ್ (ಬುಧವಾರ, ಬೆಳಿಗ್ಗೆ 6.30)

ಅರಿವಿ ಅಂಗಡಿ ಅಣ್ಣಾರು ಹೇಳಿದ್ದರ ಆಚೀ ಮಗ್ಗಲು ನಾ ಹೇಳ್ತೀನಿ. ಹಳೆ ಊರು ಬಿಟ್ಟು ನವನಗರಕ್ಕ ಬಂದಾಗ ನಾನು ಐದನೇತ್ತಾ. ಅಮ್ಮೀಜಾನ್ ಒಂದು ತಿಂಗಳು ಅತ್ತರು. ನನಗ ಮಾತ್ರ ಹಬ್ಬ. ಹಳೆ ಮನಿಯಾಗ ಬೆಳಕು ಬರ್ತಿರಲಿಲ್ಲ, ಇಲ್ಲಿ ಮನಿ ತುಂಬ ಕಿಟಕಿ. ಮನಿ ಮುಂದ ಸೈಕಲ್ ಕಲತೆ, ರಸ್ತೆ ಅಷ್ಟು ಖಾಲಿ ಇತ್ತು. ಓಣಿಯಾಗ ಇದ್ದಿದ್ರ ಹುಡುಗೀಗೆ ಯಾರು ಸೈಕಲ್ ಕೊಡ್ತಿದ್ರು? ಹಂಗಾಗಿ ಓಣಿ ಹೋದದ್ದಕ್ಕ ಎಲ್ಲಾರೂ ಅತ್ತಿಲ್ಲ ಅಂತ ಬರದಿಡಬೇಕನಿಸ್ತು.

ಗಿಡ ದೊಡ್ಡವಾಗ್ಯಾವು, ಈಗ ಬೇಸಗಿಯೊಳಗೂ ನೆರಳೈತಿ. ಹಿನ್ನೀರಿಗೆ ಹಕ್ಕಿ ಬರ್ತಾವು. ಹೆರಕಲ್ ಕಡೆ ರಾಜಹಂಸ ಬಂದಾಗ ನಮ್ಮ ಸಾಲಿ ಮಕ್ಕಳನ್ನ ಕರಕೊಂಡು ಹೋಗಿದ್ದೆ. ಒಬ್ಬ ಹುಡುಗ "ಟೀಚರ್, ನಮ್ಮ ಅಜ್ಜನ ಹೊಲಾ ಇದರ ಕೆಳಗ ಐತಂತ" ಅಂದ. ಹಕ್ಕಿ ನೋಡೋದು ಬಿಟ್ಟು ನೀರು ನೋಡ್ಕೊಂತ ನಿಂತಿದ್ದ.

ಸಾಲಿ ಬಗ್ಗೆ ಕೇಳೀರಿ. ಒಳ್ಳೆ ಸಾಲಿ ಅದಾವು, ಇಂಗ್ಲೀಷ್ ಮಾಧ್ಯಮದವು ಬೇಕಾದಷ್ಟು. ಕಮ್ಮಿ ಇರೂದು ಸಾಲಿ ಬಿಟ್ಟ ಮ್ಯಾಲಿಂದು. ಸಂಗೀತ, ಈಜು, ಚಿತ್ರಕಲಾ ಕಲಿಸೋರು ಬೆರಳೆಣಿಕಿ. ಅದರ ಬದಲಿಗೆ ಭಾನುವಾರ ಬಾದಾಮಿ, ಪಟ್ಟದಕಲ್ಲು, ಐಹೊಳಿ ನೋಡಿ ಸಂಜೀಗೆ ಮನಿಗೆ ಬರಬಹುದು. ನಿಮ್ಮ ಮಗಳು ಯುನೆಸ್ಕೋ ಪಟ್ಟಿಯೊಳಗಿನ ಗುಡಿ ಅಂಗಳದಾಗ ಬುತ್ತಿ ಬಿಚ್ಚಿ ರೊಟ್ಟಿ ತಿಂತಾಳ. ನಮ್ಮ ಮಕ್ಕಳಿಗೆ ಅದು ದೊಡ್ಡ ಸಂಗತಿ ಅಂತ ಗೊತ್ತ ಇಲ್ಲ, ಅವರ ಪಾಲಿಗೆ ಅದು ಮಾಮಾನ ಊರಿನ ಹಾದಿ.

ತೆರಿಗೆ ಲೆಕ್ಕ (ಬುಧವಾರ, ಮಧ್ಯಾಹ್ನ 1.15)

ಮನಿಯವರ ಕೆಲಸದ ಬಗ್ಗೆ. ಇಳಕಲ್ಲಿನ ಗ್ರಾನೈಟು ಮತ್ತ ಸೀರಿ, ಗುಳೇದಗುಡ್ಡದ ಖಣ, ಸಕ್ರಿ ಕಾರ್ಖಾನಿ, ಸಿಮೆಂಟು, ಅಮೀನಗಡದ ಕರದಂಟಿನ ಅಂಗಡಿ, ಎಲ್ಲಾರಿಗೂ ಲೆಕ್ಕದವರು ಬೇಕು. ಕೆಲಸಕ್ಕ ಕಮ್ಮಿ ಇಲ್ಲ, ಫೀ ಕಮ್ಮಿ. ಕೊಡೂದು ದೀಪಾವಳಿ ಲಕ್ಷ್ಮೀ ಪೂಜಾಕ್ಕ ಇಲ್ಲಾ ಯುಗಾದಿಗೆ. ಬೆಂಗಳೂರಿನ ಎರಡು ಮೂರು ಗಿರಾಕಿ ಕೈಯಾಗ ಇಟ್ಕೊಂಡು ಬಂದ್ರ ಮೊದಲ ಎರಡು ವರ್ಷ ದಾಟತಾವು.

ಮನಿ ಅಳಿಯ ಅಂತ ಮಂದಿ ಅಂತಾರೇನು ಅಂತ ಕೇಳೀರಿ. ಅಂತಾರ. ಒಂದು ವರ್ಷ ಅಂತಾರ.

ತುಮಕೂರಿನವನು (ಬುಧವಾರ, ರಾತ್ರಿ 10.20)

ನಾನು ಈ ಚರ್ಚೆ ಶುರು ಮಾಡಿದವರ ಗಂಡ. ಎಲ್ಲರ ಮಾತನ್ನೂ ಇಬ್ಬರೂ ಕೂತು ಓದಿದೆವು. ಕೆಲವು ಪದ ನನಗೆ ಅರ್ಥವಾಗಲಿಲ್ಲ, ಅವಳೇ ಹೇಳಿದಳು.

ನನ್ನ ಅಂಜಿಕೆ ಮನೆ ಅಳಿಯ ಅನ್ನಿಸಿಕೊಳ್ಳುವುದಲ್ಲ. ಮದುವೆಯಾಗಿ ಹತ್ತು ವರ್ಷದಲ್ಲಿ ಆ ಊರಿನಲ್ಲಿ ನಾನು ಒಂದು ಸಲವೂ ಒಬ್ಬನೇ ಹೊರಗೆ ಹೋಗಿಲ್ಲ. ಯಾರಾದರೂ ಜೊತೆಗೆ ಬರುತ್ತಾರೆ, ದುಡ್ಡು ಕೊಡಲು ಬಿಡುವುದಿಲ್ಲ, ಹಬ್ಬದ ನೆಂಟನ ಹಾಗೆ ನೋಡಿಕೊಳ್ಳುತ್ತಾರೆ. ಇನ್ನು ಮೇಲೆ ಅಲ್ಲೇ ಇರುವುದಾದರೆ ನೆಂಟನಾಗಿ ಇರಲು ಆಗುವುದಿಲ್ಲ. ನನ್ನ ಚಾಗೆ ನಾನೇ ದುಡ್ಡು ಕೊಡುವ ಹಾಗಾಗಬೇಕು. ಅದಕ್ಕೆ ಎಷ್ಟು ದಿನ ಬೇಕಾಗುತ್ತದೆ?

ನವನಗರದವ (ಬುಧವಾರ, ರಾತ್ರಿ 10.45)

ಹೋಳಿ ಹುಣ್ಣಿವಿಗೆ ಬರ್ರಿ ಸಾಹೇಬ್ರ. ನಮ್ಮ ಊರಿನ ಹೋಳಿ ಒಂದು ದಿನದ್ದಲ್ಲ. ಕಿಲ್ಲಾ, ಹೊಸಪೇಟಿ, ಹಳಪೇಟಿ, ಜೈನಪೇಟಿ, ವೆಂಕಟಪೇಟಿ, ಐದು ಓಣಿ ಮಂದಿ ಹಲಗಿ ಬಾರಿಸ್ಕೊಂತ ಹೊರಗ ಬೀಳ್ತಾರ. ಬಂಡಿ ಮ್ಯಾಲೆ ಬಣ್ಣದ ಬ್ಯಾರಲ್ ಏರಿಸ್ಕೊಂಡು ಒಂದು ಬಂಡಿಯವರು ಇನ್ನೊಂದು ಬಂಡಿಯವರಿಗೆ ಬಣ್ಣ ಎರಚತಾರ, ಸೋಗಿನ ಬಂಡಿ ಬ್ಯಾರೆ. ನವನಗರಕ್ಕ ಹೋದವರೂ ಆ ದಿನ ಹಳೆ ಓಣಿಗೆ ಬಂದು ತಮ್ಮ ಓಣಿ ಬಂಡಿನ ಏರ್ತಾರ. ಮನಿ ನೀರಾಗ ಹೋಗಿ ಇಪ್ಪತ್ತು ವರ್ಷ ಆದವರೂ ಬರ್ತಾರ. ಹಲಗಿ ಬಾರಸಾಕ ಕಲೀರಿ. ನಾ ಕಲಸ್ತೀನಿ.

ಹಳೆ ಊರಿನ ಮಗಳು (ಭಾನುವಾರ, ಸಂಜೆ 6.15)

ಶುಕ್ರವಾರ ರಾತ್ರಿ ಬಸ್ಸಿಗೆ ಬಂದ್ವಿ, ಈಗ ಅವ್ವನ ಪಡಸಾಲಿಯಾಗ ಕುಂತು ಬರೀಲಿಕತ್ತೀನಿ. ಸಿಸ್ಟರ್ ಹೇಳಿದಂಗ ನಿನ್ನೆ ಹಗಲೊತ್ತಿನಾಗ ಮೂರು ದವಾಖಾನಿ ತಿರಗಿ ಕೇಳಿ ಬರಕೊಂಡೆ. ಚೀಟಿ ಫೋಟೊ ಬಾಜೂ ಮನಿ ಕಾಕು ಫೋನಿನಾಗ ಹಾಕೀನಿ.

ಅವ್ವಗ ನವನಗರದಾಗ ಕೆಳಗಿನ ಮನಿ ಬಾಡಿಗಿ ಹಿಡೀತೀವಿ, ಎಲ್ಲಾರೂ ಕೂಡೇ ಇರೋಣು ಅಂದೆ. "ನೀರು ಬಂದ್ರ ನೋಡೋಣಂತ. ಬರೂತನಕ ಇಲ್ಲೇ ಇರ್ತೀನಿ" ಅಂದ್ಲು. ಇವರು ಮ್ಯಾಲೆ ಹೋಗಿ ಮ್ಯಾಳಗಿ ನೋಡಿ ಬಂದ್ರು. ಎರಡು ಜಂತಿ ಹುಳಾ ತಿಂದಾವು, ಅಡಗಿಮನಿ ಮ್ಯಾಲಿನ ತಗಡು ತೂತಾಗೈತಿ. ನೀರಾಗ ಹೋಗಬಹುದಾದ ಮನಿಗೆ ರೊಕ್ಕ ಹಾಕೂದ ಅಂತ ರಾತ್ರಿ ಬಹಳ ಹೊತ್ತು ಮಾತಾಡಿದ್ವಿ. ಮುಂಜಾನೆ ಇವರ ಅಂದ್ರು, ಮಗಳು ಮಲಗೋ ಕೋಣಿಗೆ ನೀರು ಸೋರಬಾರದು, ಮುಂದಿಂದು ಮುಂದ. ಮಗಳ ಪರೀಕ್ಷಾ ಮುಗಿದ ಕೂಡಲೇ ಬರೂದು ಅಂತ ಆಗೈತಿ.

ಖಣದ ಅಂಚು, ನಿನ್ನ ಮಾತು ನನ್ನ ತಲಿಯಾಗ ಐತಿ. ನನ್ನ ಮಗಳ ಬಗ್ಗೆ ಯಾರರ ಫೋನ್ ಮಾಡಿದ್ರ ನಾ ಆಕೀನ್ನ ಮೊದಲ ಕೇಳ್ತೀನಿ, ಆಕಿ ಜೋಡಿ ಮಾತು ಬಿಡೂದಿಲ್ಲ.

ಈಗ ಒಂದು ಕೆಲಸದ ಮಾತು. ಹಳೆ ಮ್ಯಾಳಗಿ ರಿಪೇರಿ ತಿಳದ ಮಿಸ್ತ್ರಿ ಯಾರರ ಗೊತ್ತಿದ್ರ ಹೇಳ್ರಿ. ಇಬ್ಬರನ್ನ ಕೇಳಿದೆ, ಕೆಡವಿ ಸ್ಲ್ಯಾಬ್ ಹಾಕ್ರಿ ಅಂತಾರ.

ಅರಿವಿ ಅಂಗಡಿ (ಭಾನುವಾರ, ರಾತ್ರಿ 8.40)

ಗೊತ್ತದಾನ. ವಯಸ್ಸಾಗೈತಿ, ಆದರ ಕೆಲಸಾ ಬಿಟ್ಟಿಲ್ಲ. ನಮ್ಮ ಅಂಗಡಿ ಮ್ಯಾಳಗಿ ಅವನ ಕೈಯಿಂದ್ದ. ನಾಳೆ ಮುಂಜಾನೆ ಹತ್ತಕ್ಕ ಅಳಿಯಾರನ್ನ ಅಂಗಡಿ ಕಡೆ ಕಳಸು. ಒಬ್ಬರ ಬರಲಿ. ಚಾದ ರೊಕ್ಕಾ ಅವರ ಕೊಡಲಿ.